ನೊರೆ ಬಂದ ಮಾತ್ರಕ್ಕೆ ಅಂಟೀತೆ?

ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋಗೆ ಅಂಟುವಾಳದ ರಸ ಸೇರಿಸಿದರೆ ಸಾಕು, ರಾಳ-ಸೋಡಾದ ಅಂಟು ಬೇಡ ಅನ್ನುವವರು ನಮ್ಮಲ್ಲಿದ್ದಾರೆ. ನಾನಂತೂ ಒಪ್ಪುವುದಿಲ್ಲ.

ಅಂಟುವಾಳದ ಸಿಪ್ಪೆಯಲ್ಲಿರುವುದು ಸಪೋನಿನ್. ಅದರ ಒಂದು ಭಾಗ ಸಕ್ಕರೆ, ನೀರಿಗೆ ಒಗ್ಗುತ್ತದೆ. ಇನ್ನೊಂದು ಭಾಗ ಎಣ್ಣೆ, ಮೇಣಕ್ಕೆ ಒಗ್ಗುತ್ತದೆ. ಹಾಗಾಗಿ ನುಣುಪಾದ ಅಡಿಕೆಕಾಯಿ ಮೇಲೆ ಮಣಿಯಾಗಿ ಉರುಳುವ ನೀರು ಹರಡಿಕೊಳ್ಳುತ್ತದೆ. ಇದು ನಿಜ. ಆದರೆ ಹರಡುವುದೇ ಬೇರೆ, ಅಂಟುವುದೇ ಬೇರೆ. ನೀರಲ್ಲಿ ಕರಗುವ ವಸ್ತು ಮಲೆನಾಡಿನ ಜಡಿಮಳೆಗೂ ಕರಗುತ್ತದೆ.

ಹೆಚ್ಚು ಹಾಕಿದರೂ ಉಪಯೋಗವಿಲ್ಲ. ಮಿತಿ ದಾಟಿದರೆ ಸಪೋನಿನ್ ಕಣಗಳು ತಮ್ಮೊಳಗೇ ಗುಂಪುಗಟ್ಟುತ್ತವೆ. ನೊರೆ ಹೆಚ್ಚೀತು, ಹರಡುವ ಗುಣ ಹೆಚ್ಚದು. ಔಷಧಿ ಕಾಯಲ್ಲಿ ನಿಲ್ಲದೆ ಸೋರಿಯೂ ಹೋದೀತು.

ಸಂಶಯವಿದ್ದರೆ ಎರಡು ಕೊನೆಗೆ ಬೇರೆ ಬೇರೆ ಹೊಡೆದು, ಒಣಗಿದ ಮೇಲೆ ನೀರು ಹೊಯ್ದು ನೋಡಿ. ನೀಲಿ ಎಷ್ಟು ಉಳಿಯಿತೆಂದು ಕಣ್ಣಿಗೇ ಕಾಣುತ್ತದೆ.

ಬೇವಿನೆಣ್ಣೆಯನ್ನು ನೀರಲ್ಲಿ ಬೆರೆಸಲು ಅಂಟುವಾಳ ಒಳ್ಳೆಯದು; ತರಕಾರಿಗೆ ನಾನೂ ಹಾಗೇ ಮಾಡ್ತೇನೆ. ಬೋರ್ಡೋಗೆ ರಾಳವೇ ಇರಲಿ. ಇನ್ನೊಂದು ಮಾತು: ಸಪೋನಿನ್ ಮೀನಿಗೆ ವಿಷ. ಮರದ ಕಾಯಿ ತಾನೆ ಅಂತ ಪಂಪನ್ನು ಕೆರೆಯಲ್ಲೋ ತುಂಗೆಯಲ್ಲೋ ತೊಳೆಯಬೇಡಿ.

– ಅಡಿಕೆ ಬೆಳೆಗಾರ, ಗೋಪಾಳ, ಶಿವಮೊಗ್ಗ