ಮೆಗಾವ್ಯಾಟ್ ತೋರಿಸಿ ಯೂನಿಟ್ ಮರೆಮಾಚುವವರು

ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಶ್ನಿಸಿದಾಗಲೆಲ್ಲ ನಮ್ಮ ಮೇಲೊಂದು ಆಪಾದನೆ ಬರುತ್ತದೆ: 'ಮಲೆನಾಡಿಗರು ಕಾಡು ಕಾಡು ಎನ್ನುತ್ತ ಕುಳಿತರೆ ಬೀದರ ಜಿಲ್ಲೆಯ ರೈತನ ಪಂಪಿಗೆ ವಿದ್ಯುತ್ ಎಲ್ಲಿಂದ ಬರಬೇಕು?' ಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ಉತ್ತರವನ್ನು ಹುಮನಾಬಾದ್, ಬಸವಕಲ್ಯಾಣಗಳ ಹೊಲದಲ್ಲಿಯೇ ಹುಡುಕೋಣ. ಅದಕ್ಕೂ ಮೊದಲು ಅಳತೆಗೋಲು ಸರಿಯಿರಬೇಕು.

ಸುಮಾರು 100 ಗ್ರಾಂ ತೂಕವನ್ನು ಒಂದು ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿಯೇ ಒಂದು ಜೌಲ್. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೌಲ್ (1818–1889) ಅವರ ಹೆಸರು ಇದಕ್ಕಿದೆ. ಕಾಯಕದ ನೆಲವಾದ ಬಸವಕಲ್ಯಾಣಕ್ಕೆ ಇದನ್ನು ವಿವರಿಸುವುದು ಕಷ್ಟವಲ್ಲ: ಜೌಲ್ ಎಂದರೆ ಆದ ಕೆಲಸದ ಲೆಕ್ಕ. ವ್ಯಾಟ್ ಎಂದರೆ ಆ ಕೆಲಸ ಸಾಗುವ ವೇಗ, ಸೆಕೆಂಡಿಗೆ ಒಂದು ಜೌಲ್. ಒಂದು ಕಿಲೋವ್ಯಾಟ್ ವೇಗದಲ್ಲಿ ಒಂದು ಗಂಟೆ ಕೆಲಸ ನಡೆದರೆ 36 ಲಕ್ಷ ಜೌಲ್. ಜೆಸ್ಕಾಂ ಬಿಲ್ಲಿನಲ್ಲಿ ಅದೇ ಒಂದು ಯೂನಿಟ್.

ಈ ಒಂದು ಯೂನಿಟ್ 100 ಮೀಟರ್ ಆಳದ ಕೊಳವೆಬಾವಿಯಿಂದ ಹೆಚ್ಚೆಂದರೆ 3,670 ಲೀಟರ್ ನೀರೆತ್ತಬಲ್ಲದು. ಸವೆದ ಪಂಪು, ಮೋಟಾರುಗಳಲ್ಲಿ ಅದರ ಅರ್ಧ ದಕ್ಕುವುದೂ ದುರ್ಲಭ. ನೀರು 200 ಮೀಟರಿಗೆ ಇಳಿದರೆ ಎರಡು ಪಟ್ಟು ವಿದ್ಯುತ್ ಬೇಕು. ಉಚಿತ ವಿದ್ಯುತ್ತಿನ ಪಂಪಿಗೆ ಬಿಲ್ಲಿಲ್ಲದ ಕಾರಣ ಈ ಸೋರಿಕೆ ರೈತನ ಕಣ್ಣಿಗೂ ಬೀಳುವುದಿಲ್ಲ. ಕೆರೆಯ ಹೂಳೆತ್ತಿ ಅಂತರ್ಜಲವನ್ನು ಮೇಲೇರಿಸಿದರೆ ಉಳಿಯುವುದೂ ವಿದ್ಯುತ್ತೇ ಅಲ್ಲವೇ?

ಈಗ ಯೋಜನೆಯ ಗುಣಗಾನವನ್ನು ಗಮನಿಸಿ: '2,000 ಮೆಗಾವ್ಯಾಟ್!' ಅದು ಯಂತ್ರಗಳ ಸಾಮರ್ಥ್ಯ ಮಾತ್ರ. ಗೇರುಸೊಪ್ಪೆ ಜಲಾಶಯದ ನೀರನ್ನು ವಿದ್ಯುತ್ ವ್ಯಯಿಸಿ ಮೇಲಿನ ತಳಕಳಲೆಗೆ ಏರಿಸುವುದು, ಬೇಡಿಕೆ ಹೆಚ್ಚಿದಾಗ ಅದನ್ನೇ ಇಳಿಸಿ ವಿದ್ಯುತ್ ಪಡೆಯುವುದು, ಇದೇ ಯೋಜನೆ. ಇಂಥ ಘಟಕಗಳು 100 ಯೂನಿಟ್ ನುಂಗಿ ಸಾಮಾನ್ಯವಾಗಿ 75–80 ಯೂನಿಟ್ ಮರಳಿಸುತ್ತವೆ. ಇದು ಗದ್ದೆಯಲ್ಲ, ಕಣಜ. ಅದೂ ತುಂಬಿದ ಕಾಳಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ತಿನ್ನುವ ಕಣಜ. ಇದಕ್ಕಾಗಿ ಸಿಂಗಳೀಕಗಳ ಅಭಯಾರಣ್ಯದಲ್ಲಿ ಕೊಡಲಿ ಆಡಬೇಕಂತೆ!

ಸಂಜೆಯ ಬೇಡಿಕೆಗೆ ಹಗಲಿನ ಸೌರವಿದ್ಯುತ್ತನ್ನು ಕೂಡಿಡಬೇಕೆಂಬ ವಾದದಲ್ಲಿ ಹುರುಳಿದೆ. ಅದನ್ನು ಚರ್ಚಿಸೋಣ. ಆದರೆ ಹುಮನಾಬಾದಿನ ರೈತನನ್ನು ಮುಂದಿಟ್ಟುಕೊಂಡು ಅಲ್ಲ. ಅವನ ಕಬ್ಬಿಗೆ ಹಗಲಿನಲ್ಲೇ ನೀರು ಹಾಯಿಸಬಹುದು. 5 ಕಿಲೋವ್ಯಾಟ್ ಸೌರಫಲಕ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡುತ್ತದೆ. 5 ಅಶ್ವಶಕ್ತಿಯ ಪಂಪು ನಾಲ್ಕೈದು ಗಂಟೆ ನಡೆಯಲು ಅಷ್ಟು ಸಾಕು. ಎತ್ತಿದ ನೀರು ಹೊಂಡದಲ್ಲಿ ನಿಂತರೆ ಅದೇ ಅವನ ಕಣಜ. ಬಯಲುಸೀಮೆಯ ಬಿಸಿಲು ನೂರಾರು ಮೈಲಿ ದೂರದ ಶರಾವತಿಯ ಸುರಂಗ ಹೊಕ್ಕು, ಸೊರಗಿ, ಅವನಲ್ಲಿಗೆ ಮರಳಬೇಕೇಕೆ?

ಓದುಗರೇ, ಮುಂದಿನ ಸಭೆಯಲ್ಲಿ ಅಧಿಕಾರಿಗಳು ಮೆಗಾವ್ಯಾಟಿನ ಮಾತೆತ್ತಿದರೆ ತಲೆಯಾಡಿಸಬೇಡಿ. ವರ್ಷಕ್ಕೆ ಎಷ್ಟು ಯೂನಿಟ್ ಒಳಗೆ ಹೋಗುತ್ತದೆ, ಎಷ್ಟು ಹೊರಗೆ ಬರುತ್ತದೆ, ಯಾರ ಮನೆಗೆ ತಲಪುತ್ತದೆ ಎಂದು ಕೇಳಿ. ಲೆಕ್ಕ ಕೊಡಲಾರದವರಿಗೆ ಕಾಡು ಕೇಳುವ ಹಕ್ಕಿಲ್ಲ.