ಹಸಿವಿಲ್ಲದ ಬಾಣ

ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ಪ್ರಸಂಗ ಚಿರಪರಿಚಿತ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಟ್ಟ. ಜೀವವಿಲ್ಲದ ಆ ಬೊಂಬೆಯನ್ನು ಕಡಿದ ಸಂಕಲ್ಪವೇ ತಾಯಿ ಮಗನನ್ನು ಭವಭವಗಳಲ್ಲಿ ತೊಳಲಿಸಿತು. ಅದೇ ಕಾವ್ಯದಲ್ಲಿ ಕೋಳಿಯ ಇನ್ನೊಂದು ಪ್ರಸಂಗವಿದೆ. ಅದರ ಕಡೆ ಗಮನ ಹರಿಯುವುದು ಕಡಿಮೆ. ಹಲವು ಜನ್ಮಗಳನ್ನು ದಾಟಿ ಕೋಳಿಗಳಾಗಿ ಹುಟ್ಟಿದ ಆ ಇಬ್ಬರು ವನದಲ್ಲಿ ಮುನಿಯ ಧರ್ಮಬೋಧೆಯನ್ನು ಕೇಳಿ, ಹಿಂದಿನ ಭವಗಳ ಸ್ಮರಣೆಯುಂಟಾಗಿ, ಹರ್ಷದಿಂದ ಕೂಗುತ್ತಾರೆ. ವನವಿಹಾರಕ್ಕೆ ಬಂದಿದ್ದ ರಾಜ ಯಶೋಮತಿಯ ಕಿವಿಗೆ ಆ ದನಿ ಬೀಳುತ್ತದೆ. ಸದ್ದನ್ನೇ ಗುರಿಯಾಗಿಸಿ ಬಾಣ ಬಿಡುವ ತನ್ನ ಕೌಶಲವನ್ನು ರಾಣಿಗೆ ತೋರಿಸಬೇಕೆಂದು ಅವನು ಎಚ್ಚ ಬಾಣಕ್ಕೆ ಎರಡೂ ಕೋಳಿಗಳು ಸಾಯುತ್ತವೆ. ಅವನಿಗೆ ಹಸಿವಿರಲಿಲ್ಲ, ಕೋಳಿಗಳ ಮೇಲೆ ಹಗೆಯೂ ಇರಲಿಲ್ಲ. ಇದ್ದದ್ದು ಗುರಿ ತೋರಿಸುವ ಹೆಮ್ಮೆಯೊಂದೇ. ಸತ್ತವರು ಅವನ ಸ್ವಂತ ತಂದೆ ಮತ್ತು ಅಜ್ಜಿ.

ಹೆಮ್ಮೆಗಾಗಿ ಹಕ್ಕಿಯನ್ನು ಕೊಲ್ಲುವ ಈ ಚಪಲ ಪುರಾಣದ ಕಾಲಕ್ಕೆ ಮುಗಿದಿಲ್ಲ. ಬ್ರಿಟನ್ನಿನಲ್ಲಿ ಅದು ಇಂದಿಗೂ ಕಾನೂನುಬದ್ಧವಾದ ಕ್ರೀಡೆ. ಪ್ರತಿವರ್ಷ ಆಗಸ್ಟ್ 12ರಂದು ಗ್ರೌಸ್ ಹಕ್ಕಿಗಳ ಬೇಟೆ ಆರಂಭವಾಗುತ್ತದೆ. ಇಂಗ್ಲೆಂಡಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರುವರಿ 1ರವರೆಗೆ ಫೆಸೆಂಟ್ ಹಕ್ಕಿಗಳ ಸರದಿ. ಫೆಸೆಂಟ್ ಅಲ್ಲಿನ ಮೂಲ ನಿವಾಸಿಯಲ್ಲ, ಏಷ್ಯಾದಿಂದ ಹೋದದ್ದು. ನವಿಲು, ಕೋಳಿ, ಫೆಸೆಂಟ್ ಮೂರನ್ನೂ ಜೀವವಿಜ್ಞಾನ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ಯಶೋಧರನು ನವಿಲಾಗಿಯೂ ಕೋಳಿಯಾಗಿಯೂ ಹುಟ್ಟಿ ಸತ್ತದ್ದು ಈ ಕುಲದಲ್ಲಿಯೇ. ಬೇಟೆಗೆಂದೇ ಕೋಟಿಗಟ್ಟಲೆ ಫೆಸೆಂಟ್ ಮರಿಗಳನ್ನು ಸಾಕಿ, ಬೇಸಿಗೆಯಲ್ಲಿ ಕಾಡಿನಂಚಿಗೆ ಬಿಡಲಾಗುತ್ತದೆ. ಬೇಟೆಯ ದಿನ ಕೂಲಿಯವರು ಸಾಲಾಗಿ ನಡೆಯುತ್ತ, ಕೋಲು ಬಡಿಯುತ್ತ, ಬಾವುಟ ಬೀಸುತ್ತ ಹಕ್ಕಿಗಳನ್ನು ಸೋವುತ್ತಾರೆ. ಎದುರಿಗೆ ಗೊತ್ತುಪಡಿಸಿದ ಜಾಗಗಳಲ್ಲಿ ಕೋವಿ ಹಿಡಿದು ನಿಂತವರ ತಲೆಯ ಮೇಲೆ ಅವು ಹಾರಿಬರುತ್ತವೆ. ಎಷ್ಟು ಹಕ್ಕಿ ಬೀಳಬಹುದೆಂಬ ಲೆಕ್ಕದ ಮೇಲೆಯೇ ಆ ದಿನದ ಬೆಲೆ ನಿಗದಿಯಾಗುತ್ತದೆ.

ಈ ಲೆಕ್ಕ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಎರಡು ದಿನಗಳು ಸಾಕ್ಷಿಯಾಗಿವೆ. 1913ರ ಡಿಸೆಂಬರ್ 18ರಂದು ಇಂಗ್ಲೆಂಡಿನ ಹಾಲ್ ಬಾರ್ನ್ ಎಸ್ಟೇಟಿನಲ್ಲಿ ಐದನೆಯ ಜಾರ್ಜ್ ದೊರೆಯೂ ಸೇರಿದಂತೆ ಏಳು ಮಂದಿ ಒಂದೇ ದಿನದಲ್ಲಿ 3,900ಕ್ಕೂ ಹೆಚ್ಚು ಫೆಸೆಂಟ್‌ಗಳನ್ನು ಹೊಡೆದುರುಳಿಸಿದರು. ಮರಳುವಾಗ ದೊರೆ ಮೌನವಾಗಿದ್ದನೆಂದೂ, ಇಂದು ನಾವು ಮಿತಿ ಮೀರಿದೆವೇನೋ ಎಂಬ ಅರ್ಥದ ಮಾತನ್ನು ಆಡಿದನೆಂದೂ ಅವನ ಮಗ ಮುಂದೆ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಎರಡನೆಯದು ಭಾರತದ್ದೇ. ರಾಜಸ್ಥಾನದ ಭರತಪುರದ ಜೌಗುನೆಲದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಸತ್ತ ಹಕ್ಕಿಗಳು 4,273. ಯಾವ ದಿನ, ಯಾರ ಸಮ್ಮುಖದಲ್ಲಿ, ಎಷ್ಟು ಕೋವಿಗಳು, ಎಷ್ಟು ಹಕ್ಕಿಗಳು ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಲಾಯಿತು. ಆ ಫಲಕಗಳು ಇಂದಿಗೂ ಅಲ್ಲಿವೆ.

ಬಿದ್ದ ಹಕ್ಕಿಗಳು ಏನಾಗುತ್ತವೆ? ಬ್ರಿಟನ್ನಿನ ಪದ್ಧತಿಯಲ್ಲಿ ಬೇಟೆಗಾರನು ಒಂದು ಜೋಡಿಯನ್ನು ಮನೆಗೊಯ್ಯುವುದು ವಾಡಿಕೆ. ಉಳಿದವು ಮಾಂಸದ ವ್ಯಾಪಾರಿಗೆ ಹೋಗಬೇಕು. ಹಕ್ಕಿಗಳು ಬೇಡಿಕೆಗಿಂತ ಹೆಚ್ಚಾದಾಗ ಗುಂಡಿ ತೋಡಿ ಹೂಳಿದ, ರಸ್ತೆಬದಿಯಲ್ಲಿ ಎಸೆದುಹೋದ ಸುದ್ದಿಗಳು ಅಲ್ಲಿನ ಪತ್ರಿಕೆಗಳಲ್ಲಿ ಬಂದಿವೆ. ಬಿಟ್ಟ ಹಕ್ಕಿಗಳಲ್ಲಿ ಅರ್ಧದಷ್ಟೂ ಗುಂಡಿಗೆ ಸಿಗುವುದಿಲ್ಲ. ಮಿಕ್ಕವುಗಳಲ್ಲಿ ಬಹಳಷ್ಟು ನರಿಯ ಬಾಯಿಗೆ, ವಾಹನದ ಗಾಲಿಗೆ, ರೋಗಕ್ಕೆ, ಚಳಿಗೆ ತುತ್ತಾಗುತ್ತವೆ. ಚರೆ ತಗುಲಿಯೂ ತಕ್ಷಣ ಸಾಯದೆ ಪೊದೆಯೊಳಗೆ ನರಳುವ ಹಕ್ಕಿಗಳು ಯಾವ ಪಟ್ಟಿಗೂ ಸೇರುವುದಿಲ್ಲ.

ಮಾಂಸ ಮಣ್ಣುಪಾಲಾಗುವುದನ್ನು ಕಂಡು ಅಲ್ಲಿಯ ಬೇಟೆಪ್ರಿಯರಲ್ಲಿಯೇ ಕೆಲವರು ನಾಚಿದ್ದಾರೆ. ಹೊಡೆದ ಹಕ್ಕಿಯನ್ನು ತಿನ್ನಲೇಬೇಕು, ಮಾರುಕಟ್ಟೆ ಹೊರುವಷ್ಟೇ ಹೊಡೆಯಬೇಕು ಎನ್ನುತ್ತಾರೆ. ಅವರ ವಾದಕ್ಕೆ ಇನ್ನೂ ಕೆಲವು ಆಧಾರಗಳಿವೆ. ಬೇಟೆಯಿಂದ ಹಳ್ಳಿಗರಿಗೆ ಕೆಲಸವಿದೆ, ಹಕ್ಕಿಗಳಿಗಾಗಿ ಕಿರುಗಾಡುಗಳು ಉಳಿದಿವೆ, ಕೊಟ್ಟಿಗೆಯೊಳಗೆ ಆರು ವಾರ ಬದುಕಿ ಸಾಯುವ ಮಾಂಸದ ಕೋಳಿಗಿಂತ ಬಯಲಲ್ಲಿ ಹಾರಾಡಿ ಸಾಯುವ ಫೆಸೆಂಟ್‌ನ ಬಾಳು ಮೇಲು ಎಂಬುದು ಅವರ ಸಮರ್ಥನೆ. ಈ ಮಾತುಗಳನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗಾದರೆ ತಪ್ಪಿರುವುದು ವ್ಯರ್ಥವಾದ ಮಾಂಸದಲ್ಲಿ ಮಾತ್ರವೇ? ಒಂದು ಹಕ್ಕಿಯೂ ವ್ಯರ್ಥವಾಗದಿದ್ದರೆ ಬೇಟೆ ನಿರ್ದೋಷವಾದೀತೆ?

ಜೈನಾಚಾರ್ಯರು ಈ ಪ್ರಶ್ನೆಗೆ ಉತ್ತರವನ್ನು ಬಹು ಹಿಂದೆಯೇ ಸೂಚಿಸಿದ್ದಾರೆ. ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳಲ್ಲಿ ಮಾಂಸವೂ ಇದೆ, ಬೇಟೆಯೂ ಇದೆ. ಎರಡನ್ನೂ ಬೇರೆಬೇರೆಯಾಗಿಯೇ ಎಣಿಸಲಾಗಿದೆ. ಬೇಟೆಯ ದೋಷ ಕೇವಲ ಮಾಂಸದ್ದಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಹೆಸರಿಸುವ ಅಗತ್ಯವಿರಲಿಲ್ಲ. ನಾಲಗೆಯ ಚಪಲ ಒಂದು ವ್ಯಸನ; ಓಡುವ, ಹಾರುವ ಜೀವವನ್ನು ಉರುಳಿಸುವುದರಲ್ಲಿ ಸುಖ ಕಾಣುವುದು ಇನ್ನೊಂದು ವ್ಯಸನ. ಮೊದಲನೆಯದನ್ನು ತೃಪ್ತಿಪಡಿಸಿದ ಮಾತ್ರಕ್ಕೆ ಎರಡನೆಯದು ತೊಳೆದುಹೋಗುವುದಿಲ್ಲ.

ಗೃಹಸ್ಥನ ಬಾಳಿನಲ್ಲಿ ಹಿಂಸೆ ಪೂರ್ಣವಾಗಿ ತಪ್ಪದೆಂಬುದನ್ನು ಜೈನಧರ್ಮ ಮರೆತಿಲ್ಲ. ಅಡುಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ ಹಿಂಸೆ. ಇವುಗಳನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಬರಬೇಕು. ಆದರೆ ಕೊಲ್ಲುವ ಉದ್ದೇಶದಿಂದಲೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯೂ ಸಂಪೂರ್ಣವಾಗಿ ಬಿಡಬೇಕು. ಹಕ್ಕಿಬೇಟೆ ಯಾವ ಬಗೆಯದು? ಬೇಟೆಗಾರನಿಗೆ ಹಕ್ಕಿಯಿಂದ ಅಪಾಯವಿಲ್ಲ. ಅವನು ಕಾಯಬೇಕಾದ ಪೈರಿಲ್ಲ. ಹೂಳಿದ ಹಕ್ಕಿಗಳೇ ಹೇಳುವಂತೆ, ಅನ್ನದ ಕೊರತೆಯೂ ಇಲ್ಲ. ಹಾಗೆ ನೋಡಿದರೆ ಆ ಗುಂಡಿ ಬೇಟೆಯ ಮುಖ್ಯ ಅಪರಾಧವಲ್ಲ, ಅದರ ಸಾಕ್ಷಿ. ಮಾಂಸವು ಬೇಟೆಯ ಕಾರಣವಾಗಿರಲಿಲ್ಲ, ನೆಪವಾಗಿತ್ತು ಎಂಬುದನ್ನು ಅದು ತೋರಿಸಿಕೊಡುತ್ತದೆ. ಪ್ರಮಾದ ಮತ್ತು ಕಷಾಯಗಳಿಂದ ಕೂಡಿದ ಮನಸ್ಸು ಪ್ರಾಣವನ್ನು ನೀಗಿಸುವುದೇ ಹಿಂಸೆ ಎಂದು ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ನಿರೂಪಿಸಿದ್ದಾರೆ. ದೋಷದ ಬೇರು ಮನಸ್ಸಿನಲ್ಲಿದ್ದ ಮೇಲೆ ಮಾಂಸ ಊಟದ ಮೇಜಿಗೆ ಹೋಯಿತೋ ಮಣ್ಣಿಗೆ ಹೋಯಿತೋ ಎಂಬುದರಿಂದ ಅದು ಅಳಿಯದು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿವರಿಸಿದ ಅನರ್ಥದಂಡ ವಿರತಿಯು ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಪ್ರಯೋಜನವಿಲ್ಲದೆ ಜೀವಿಗಳಿಗೆ ಮಾಡುವ ಬಾಧೆಯೇ ಅನರ್ಥದಂಡ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದರಲ್ಲಿ ಐದು ಬಗೆ. ಒಂದು ಬೇಟೆಯ ದಿನದಲ್ಲಿ ಐದೂ ನೆರೆಯುತ್ತವೆ. ಹಕ್ಕಿಗಳು ಎಲ್ಲಿ ಸಿಗುವುವೆಂದು ತೋರಿಸಿಕೊಡುವುದು ಪಾಪೋಪದೇಶ; ಕೋವಿಯನ್ನು ಒದಗಿಸುವುದು ಹಿಂಸಾದಾನ; ಇಷ್ಟು ಹಕ್ಕಿ ಸಾಯಲಿ ಎಂದು ಹಾರೈಸುವುದು ಅಪಧ್ಯಾನ; ಸಂಜೆ ಕುಳಿತು ಆ ಲೆಕ್ಕದ ಕಥೆಗಳಿಗೆ ಕಿವಿಗೊಡುವುದು ದುಃಶ್ರುತಿ; ಸತ್ತದ್ದನ್ನು ಏನು ಮಾಡಬೇಕೆಂದು ಯೋಚಿಸದೆ ಹೊಡೆಯುತ್ತ ಹೋಗುವುದು ಪ್ರಮಾದಚರ್ಯೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಮೆಚ್ಚಿದ್ದು ಮೂರೂ ಕರ್ಮಬಂಧಕ್ಕೆ ಕಾರಣವೆಂಬ ತತ್ತ್ವದ ಬೆಳಕಿನಲ್ಲಿ ನೋಡಿದರೆ ಭರತಪುರದ ಫಲಕಗಳು ಕೇವಲ ದಾಖಲೆಯಲ್ಲ. ಅನುಮೋದನೆಯನ್ನು ಕಲ್ಲಿನಲ್ಲಿ ಕಡೆದದ್ದು.

ಸಾಕಣೆಯ ಕೋಳಿಯ ಬಾಳು ಇನ್ನೂ ದಾರುಣ ಎಂಬ ಮಾತು ನಿಜವೇ. ಆದರೆ ಒಂದು ಹಿಂಸೆಯನ್ನು ತೂಗಲು ಇನ್ನೊಂದು ಹಿಂಸೆ ತಕ್ಕಡಿಯ ಬಟ್ಟಾಗಲಾರದು. ಆ ಹೋಲಿಕೆ ಕೋಳಿಯ ಪಂಜರವನ್ನು ತೆರೆಯಲು ಪ್ರೇರಣೆಯಾಗಬೇಕೇ ಹೊರತು ಕೋವಿಯನ್ನು ಎತ್ತಲು ಅನುಮತಿಯಾಗಬಾರದು.

ಬೇಟೆಗಾರನ ಪಾಲಿಗೆ ಜೈನ ಪರಂಪರೆ ಬಾಗಿಲು ಮುಚ್ಚಿಲ್ಲ. ಶ್ರೇಣಿಕ ಮಹಾರಾಜನ ಪೂರ್ವಭವದ ಕಥೆಯಲ್ಲಿ ಖದಿರಸಾರನೆಂಬ ಬೇಡನೊಬ್ಬ ಬರುತ್ತಾನೆ. ಎಲ್ಲ ಮಾಂಸವನ್ನೂ ಬಿಡಲಾರೆನೆಂದ ಅವನಿಗೆ ಮುನಿಗಳು ಕಾಗೆಯ ಮಾಂಸವನ್ನಾದರೂ ಬಿಡು ಎಂದರು. ಮುಂದೆ ರೋಗ ಬಂದು, ಕಾಗೆಯ ಮಾಂಸವೇ ಔಷಧವೆಂದು ವೈದ್ಯರು ಹೇಳಿದಾಗಲೂ ಅವನು ವ್ರತ ಮುರಿಯಲಿಲ್ಲ. ಒಂದು ಹಕ್ಕಿಗೆ ಕೊಟ್ಟ ಅಭಯವೇ ಅವನ ಉದ್ಧಾರದ ಮೊದಲ ಮೆಟ್ಟಿಲಾಯಿತು. ಇಂದು ಪೂರ್ಣ ಅಹಿಂಸೆಯನ್ನು ಪಾಲಿಸಲಾರದವನೂ ಒಂದು ಜೀವದಿಂದ, ಒಂದು ದಿನದಿಂದ ಆರಂಭಿಸಬಹುದು.

ಮಾಂಸವನ್ನೇ ಮುಟ್ಟದ ಶ್ರಾವಕರಿಗೂ ಇಲ್ಲಿ ಪಾಠವಿಲ್ಲದಿಲ್ಲ. ನೇಮಿನಾಥ ಸ್ವಾಮಿಯ ವಿವಾಹದ ದಿನ ದೊಡ್ಡಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳು ಅತಿಥಿಗಳ ಔತಣಕ್ಕೆಂದು ತಂದವು. ಅವುಗಳ ಮಾಂಸ ಗುಂಡಿಗೆ ಹೋಗುವುದಿರಲಿಲ್ಲ, ಎಲೆಗೇ ಹೋಗುವುದಿತ್ತು. ಆದರೂ ಸ್ವಾಮಿಯು ರಥವನ್ನು ತಿರುಗಿಸಿ ಗಿರಿನಾರಿನ ಕಡೆ ನಡೆದನು. ತನ್ನ ನಿಮಿತ್ತ ಜೀವಗಳು ಅಳುತ್ತಿವೆ ಎಂಬುದಷ್ಟೇ ಅವನಿಗೆ ಸಾಕಾಯಿತು. ಇಂದಿನ ಮದುವೆ ಮಂಟಪಗಳ ಹಿಂಬದಿಯಲ್ಲಿ, ಬಡಿಸಿ ಬಿಟ್ಟ ಅನ್ನ ರಾಶಿಯಾಗಿ ಕೊಳೆಯುವಾಗ ಅದರಲ್ಲಿ ಹುಟ್ಟಿ ಸಾಯುವ ಸೂಕ್ಷ್ಮಜೀವಿಗಳ ಲೆಕ್ಕವಿಟ್ಟವರಿಲ್ಲ. ಮಕ್ಕಳ ಗಾಳಿಪಟಕ್ಕೆ ಕಟ್ಟಿದ ಗಾಜುಪುಡಿಯ ಮಾಂಜಾ ಹಕ್ಕಿಯ ರೆಕ್ಕೆಯನ್ನು ಕತ್ತರಿಸುವಾಗ ಅಲ್ಲಿ ಕೋವಿಯಿಲ್ಲ, ಪ್ರಮಾದವಿದೆ. ದಿಲ್ಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಗೆ ಬರುವ ಗಾಯಾಳುಗಳಲ್ಲಿ ಇಂಥ ದಾರಕ್ಕೆ ಸಿಕ್ಕ ಹಕ್ಕಿಗಳೂ ಇರುತ್ತವೆ. ಇಂಗ್ಲೆಂಡಿನ ಗುಂಡಿಯತ್ತ ಬೆರಳು ತೋರುವ ಮೊದಲು ಸ್ವಂತ ಎಲೆಯನ್ನೂ ಸ್ವಂತ ಮಾಳಿಗೆಯನ್ನೂ ನೋಡಿಕೊಳ್ಳುವುದು ಧರ್ಮ.

ಬೇಟೆಯ ನೆಲ ಬದಲಾಗಬಲ್ಲದು. ಭರತಪುರದ ಜೌಗು ಇಂದು ಕೇವಲಾದೇವ ರಾಷ್ಟ್ರೀಯ ಉದ್ಯಾನ. 1985ರಿಂದ ವಿಶ್ವ ಪರಂಪರೆಯ ತಾಣ. ಕೋವಿ ಹಿಡಿದವರು ನಿಂತಿದ್ದ ನೆಲದಲ್ಲಿ ದುರ್ಬೀನು ಹಿಡಿದವರು ನಿಲ್ಲುತ್ತಾರೆ. ಬೇಟೆಗಾರನ ಮನಸ್ಸೂ ಬದಲಾಗಬಲ್ಲದು. ಮುಂದೊಂದು ದಿನ ಬೇಟೆಗೆ ಹೊರಟ ಯಶೋಮತಿಯು ಸುದತ್ತ ಮುನಿಯ ಮೇಲೆ ನಾಯಿಗಳನ್ನು ಛೂಬಿಟ್ಟಾಗ ಅವು ಮುನಿಯ ಮುಂದೆ ಶಾಂತವಾಗಿ ನಿಂತವು. ತಾನು ಯಾರನ್ನು ಕೊಂದಿದ್ದೆನೆಂಬುದನ್ನು ಅಂದು ಅರಿತ ರಾಜನು ರಾಜ್ಯವನ್ನೇ ತೊರೆದು ದೀಕ್ಷೆ ವಹಿಸಿದನು. ಹಾಲ್ ಬಾರ್ನ್‌ನಿಂದ ಮರಳಿದ ದೊರೆಗೆ ಮಿತಿ ಮೀರಿದ ಅಳುಕು ಹುಟ್ಟಿತು; ಆದರೆ ಅವನು ಬೇಟೆಯನ್ನು ಬಿಡಲಿಲ್ಲ. ಅವನು ಎಣಿಸಿದ್ದು ಸಂಖ್ಯೆಯನ್ನು. ಯಶೋಮತಿಗೆ ಕಂಡದ್ದು ಆ ಎರಡು ಹಕ್ಕಿಗಳೊಳಗೆ ಇದ್ದ ಜೀವ.