ನೆಲದ ನಕ್ಷೆ, ಪರರ ವರದಿ

ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ನೀರು ಕಾಣದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದಾಗ ಸರ್ಕಾರವು ರೈತರ ಒಪ್ಪಿಗೆಗೆ ಕಾಯಲಿಲ್ಲ. 1980ರ ಜುಲೈ 21ರಂದು ನರಗುಂದ ಉತ್ತರಿಸಿತು; ಗೋಲಿಬಾರಿನಲ್ಲಿ ಜೀವವೂ ಹೋಯಿತು.

ಈಗ ಕೇಳುವವರಿದ್ದಾರೆ. 1980ರ ದಶಕದ ಕೊನೆಗೆ ಮೈರಾಡದಂಥ ಸಂಸ್ಥೆಗಳು ಕರ್ನಾಟಕದಲ್ಲಿ ಬಳಕೆಗೆ ತಂದ ಸಹಭಾಗಿ ಸಮೀಕ್ಷೆಯಲ್ಲಿ ಹಳ್ಳಿಗರೇ ರಂಗೋಲಿಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆ ಬಿಡಿಸುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಎಷ್ಟೋ ಕಡೆ ಪ್ರಶ್ನೆಗಳು ಮೊದಲೇ ನಗರದಲ್ಲಿ ಸಿದ್ಧವಾಗಿರುತ್ತವೆ. ಹಾಳೆಗಿಳಿದ ನಕ್ಷೆ ಹೊರಟುಹೋಗುತ್ತದೆ, ನೆಲದ್ದನ್ನು ಗಾಳಿ ಒಯ್ಯುತ್ತದೆ. ಚಾವಡಿಯಲ್ಲಿ ಗೌಡರು ಆಡಿದ್ದೇ ಊರಿನ ಮಾತೆಂದು ದಾಖಲಾಗುತ್ತದೆ; ಕೂಲಿಯ ಹೆಂಗಸು ಆ ಹೊತ್ತಿಗೆ ಹೊಲದಲ್ಲಿರುತ್ತಾಳೆ. ಇದಕ್ಕೆ ಸಹಭಾಗಿತ್ವವೆಂಬ ಹೆಸರೇಕೆ?

ರೋಣದ ಎರೆಹೊಲಕ್ಕಾಗಲಿ ಗಜೇಂದ್ರಗಡದ ಗುಡ್ಡಕ್ಕಾಗಲಿ ಅಧ್ಯಯನಕ್ಕೆ ಬರುವವರು ಪ್ರಶ್ನೆಗಳನ್ನು ಊರವರೊಡನೆ ಕುಳಿತು ರಚಿಸಲಿ, ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಗೆ ಓದಿ ಒಪ್ಪಿಸಲಿ. ಬೇಡವೆನ್ನುವ ಅಧಿಕಾರವೂ ಊರಿಗಿರಲಿ.